ಓನರ್ ಉಕ್ಕಿಸಿದ ಹಾಲು

ಆ ದಿನ ಅವರ ಊಟದ ಕೋಣೆಯಲ್ಲಿ ನಾನು ಏನು ಹೇಳಿದೆ ಎಂಬುದು ನನಗೆ ಪೂರ್ತಿ ಖಾತ್ರಿಯಿಲ್ಲ. ಮೂರು ವಾಕ್ಯ ಹೇಳಿದೆ ಎಂದು ನೆನಪು. ಮೂರನೆಯದನ್ನು ನಿಜವಾಗಿ ಹೇಳಿದೆನೋ, ಆಮೇಲೆ ನಿದ್ದೆ ಬಾರದಾಗ ನಾನೇ ಸೇರಿಸಿಕೊಂಡೆನೋ ಗೊತ್ತಿಲ್ಲ. ಜನ ನೆನಪಿನಿಂದ ಕೊಡುವ ಉತ್ತರಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ನೋಡುವುದೇ ಇಲ್ಲಿ ನೈರೋಬಿಯ ಗಿಗಿರಿಯ ಕಚೇರಿಯಲ್ಲಿ ನನ್ನ ಕೆಲಸ. ಹೆಚ್ಚು ನಂಬಬಾರದು ಎಂದು ವರ್ಷವರ್ಷವೂ ವರದಿ ಬರೆಯುತ್ತೇನೆ. ನನ್ನದೇ ನೆನಪಿಗೆ ಬೇರೆ ನ್ಯಾಯ ಮಾಡಲು ಬರುವುದಿಲ್ಲ.

ಇದೆಲ್ಲ ಮತ್ತೆ ಎದ್ದದ್ದು ಕಳೆದ ತಿಂಗಳು, ಕರೆನ್ ಬಡಾವಣೆಯ ಹೊಸ ಬಾಡಿಗೆ ಮನೆಗೆ ಬಂದ ದಿನ. ನನ್ನ ಹೆಂಡತಿ ಹಾಲು ಉಕ್ಕಿಸಿದಳು. ಹಾಲು ಪಾತ್ರೆಯ ಅಂಚಿನಿಂದ ಇಳಿದು ಬರ್ನರಿನ ಮೇಲೆ ಸುರಿದು ಚೊರ್ ಎಂದಿತು. ಸೀದ ಹಾಲಿನ ವಾಸನೆ ಅಡುಗೆಮನೆ ತುಂಬಿತು. ಮಗಳು ಮೂಗು ಮುಚ್ಚಿಕೊಂಡು ಹೊರಗೆ ಹೋದಳು. ನನಗೆ ಮಾತ್ರ ಬಾಗಿಲಲ್ಲಿ ಒಬ್ಬ ಎತ್ತರದ ಮುದುಕ, ಮೊಣಕೈಗೆ ತೊಗಲಿನ ತೇಪೆ ಹಾಕಿದ ಸ್ವೆಟರ್ ತೊಟ್ಟು, ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಾರೆ ಅನ್ನಿಸಿತು...

ನಮ್ಮ ಹಳೆಯ ಓನರ್ ಅವರು. ಮುಥೈಗಾದಲ್ಲಿ ಅವರದು ಕಲ್ಲಿನ ದೊಡ್ಡ ಮನೆ. ಅದರ ಹಿಂದಿನ ಎರಡು ಕೋಣೆಯ ಚಿಕ್ಕ ಮನೆಯಲ್ಲಿ ಐದಾರು ವರ್ಷದ ಹಿಂದೆ ನಾವು ಬಾಡಿಗೆಗಿದ್ದೆವು. ಬೆಂಗಳೂರಿನ ಅಭ್ಯಾಸ, ಮನೆ ಮಾಲೀಕ ಯಾರೇ ಆಗಲಿ ನಮ್ಮ ಬಾಯಲ್ಲಿ ಓನರ್. ಅವರ ಹೆಸರಿನ ಹಿಂದೆ ಮುಂದೆ ಏನೇನು ಅಂಟಿಕೊಂಡಿದೆ ಎಂದು ಆಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ ಅವರು ನಮಗೆ ಓನರ್ ಆಗಿಬಿಟ್ಟಿದ್ದರು.

ಆ ಚಿಕ್ಕ ಮನೆಗೆ ನಾವು ಬಂದ ದಿನ ಅಮ್ಮನೂ ಇದ್ದಳು. ಮೊಮ್ಮಗಳನ್ನು ನೋಡಲು ಮೈಸೂರಿನಿಂದ ಬಂದಿದ್ದಳು. ಬೆಳಿಗ್ಗೆಯೇ ಒಲೆಗೆ ಅರಿಶಿನ ಕುಂಕುಮ ಇಟ್ಟು, ಹೊಸ ಪಾತ್ರೆಯಲ್ಲಿ ಹಾಲಿಟ್ಟು, ಎಲ್ಲರನ್ನೂ ಸುತ್ತ ನಿಲ್ಲಿಸಿದಳು. ಹಾಲು ಏರುತ್ತಿತ್ತು. ನಾವು ಕೈಮುಗಿದು ನೋಡುತ್ತಿದ್ದೆವು. ಅದೇ ಹೊತ್ತಿಗೆ ಓನರ್ ಒಂದು ಬುಟ್ಟಿ ಪ್ಯಾಶನ್ ಹಣ್ಣು ಹಿಡಿದು ಬಾಗಿಲಿಗೆ ಬಂದರು. ಅವರಿಗೆ ಕಂಡದ್ದು ಇಷ್ಟು: ಹಾಲು ಉಕ್ಕಲಿದೆ, ದೊಡ್ಡವರು ಮೂವರು ಅಲ್ಲಾಡದೆ ನಿಂತಿದ್ದಾರೆ. ಬುಟ್ಟಿಯನ್ನು ನೆಲಕ್ಕಿಟ್ಟು, ಆ ವಯಸ್ಸಿನಲ್ಲಿ ನಂಬಲಾಗದಷ್ಟು ಚುರುಕಾಗಿ ದಾಟಿ ಬಂದು, ಗ್ಯಾಸಿನ ಗುಂಡಿ ತಿರುಗಿಸಿ ಆರಿಸಿಬಿಟ್ಟರು.

“ಸಮಯಕ್ಕೆ ಸರಿಯಾಗಿ ಬಂದೆ!” ಎಂದರು ಇಂಗ್ಲಿಷಿನಲ್ಲಿ, ಗೆದ್ದವರಂತೆ.

ಹಾಲು ಕೆಳಗಿಳಿಯಿತು. ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. “ಅಯ್ಯೋ ಶಿವನೇ, ಇದೇನು ಮಾಡ್ಬಿಟ್ರು ಈ ಯಜಮಾನ್ರು!”

ನನಗೆ ಆಗ ಬಂದದ್ದು ಸಿಟ್ಟಲ್ಲ, ನಾಚಿಕೆ. ಅವರು ಮಾಡಿದ್ದಕ್ಕಲ್ಲ, ಅಮ್ಮನಿಗಾಗಿ. ವಸಾಹತುಗಳ ಇತಿಹಾಸವನ್ನು ಎರಡು ವಿಶ್ವವಿದ್ಯಾಲಯಗಳಲ್ಲಿ ಓದಿದವನು, ಬಿಳಿಯ ಮುದುಕರೊಬ್ಬರ ಮುಂದೆ ಹಲ್ಲು ಕಿರಿದು ಹೇಳಿದೆ: ಇದು ಅಮ್ಮನ ಕಾಲದ ಒಂದು ನಂಬಿಕೆ, ಹೊಸ ಮನೆಯಲ್ಲಿ ಹಾಲು ಉಕ್ಕಬೇಕಂತೆ, ದಯವಿಟ್ಟು ನಗಬೇಡಿ.

ಅವರು ನಗಲಿಲ್ಲ. ಕಿವಿಯವರೆಗೆ ಕೆಂಪಾದರು. ನನ್ನನ್ನು ಬಿಟ್ಟು ಅಮ್ಮನ ಕಡೆಗೇ ತಿರುಗಿ, “ಇದನ್ನು ಸರಿಪಡಿಸುವ ದಾರಿ ಇದೆಯೇ ಎಂದು ಅವರನ್ನು ಕೇಳಿ” ಎಂದರು. ಅಮ್ಮನಿಗೆ ಅಷ್ಟೇ ಸಾಕಾಯಿತು. ಹಾಲು ಯಾಕೆ, ಯಾವಾಗ, ಯಾವ ದಿಕ್ಕಿಗೆ ಉಕ್ಕಿದರೆ ಏನು ಎಂದೆಲ್ಲ ಶುರು ಮಾಡಿದಳು. ಅವರು ಅವಳ ಮುಖವನ್ನೇ ನೋಡುತ್ತ ತಲೆಯಾಡಿಸಿದರು. ನಾನು ಅಲ್ಲಲ್ಲಿ ಒಂದೊಂದು ಮಾತನ್ನು ಇಂಗ್ಲಿಷಿಗೆ ದಾಟಿಸುತ್ತ, ಇದು ಬೇಗ ಮುಗಿಯಲಿ ಎಂದುಕೊಳ್ಳುತ್ತ ನಿಂತಿದ್ದೆ. ಯಾವ ಮಾತು ದಾಟಿಸಿದೆ, ಯಾವುದನ್ನು ಬಿಟ್ಟೆ ಎಂಬುದು ಈಗ ಗೊತ್ತಿಲ್ಲ.

ಅವರು ತಮ್ಮ ಹಳೆಯ ಕಾರು ತೆಗೆದುಕೊಂಡು ಹೋಗಿ ಅಂಗಡಿಯಿಂದ ಹೊಸ ಹಾಲು ತಂದರು. ಈ ಸಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಮ್ಮ ಕೈಯನ್ನು ತಾವೇ ನಂಬದವರಂತೆ ನಿಂತರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅಮ್ಮ ಗ್ಯಾಸ್ ಆರಿಸಿ, “ಉಕ್ಕಿತು” ಎಂದಳು.

“ನಲವತ್ತು ವರ್ಷ ಬ್ಯಾಂಕಿನವರು ನನಗೆ ಸಂಬಳ ಕೊಟ್ಟದ್ದು ಯಾವುದೂ ಉಕ್ಕದಂತೆ ನೋಡಿಕೊಳ್ಳಲು” ಎಂದರು ಅವರು.

ಆಮೇಲೆ ಅಮ್ಮನಿಂದ ಆ “ಉಕ್ಕಿತು” ಪದವನ್ನು ಕಲಿಸಿಕೊಂಡರು. ಅಂದಿನಿಂದ ಅದು ಅವರ ನಮಸ್ಕಾರವಾಯಿತು. ಬೆಳಿಗ್ಗೆ ನಾನು ಕಾರು ತೆಗೆಯುವಾಗ ಗುಲಾಬಿ ಗಿಡಗಳ ನಡುವಿನಿಂದ ಕತ್ತರಿ ಎತ್ತಿ, “ಉಕ್ಕಿಟಾ?” ಎನ್ನುತ್ತಿದ್ದರು. “ಉಕ್ಕಿತು” ಎಂದು ನಾನು ಉತ್ತರಿಸಬೇಕು. ಕಾರಿನಲ್ಲಿ ಬೇರೆ ಯಾರಾದರೂ ಇದ್ದರೆ ಉತ್ತರವನ್ನು ಮೆಲ್ಲಗೆ ಹೇಳುತ್ತಿದ್ದೆ.

ಅಮ್ಮ ಇದ್ದ ಮೂರು ತಿಂಗಳೂ ಮಧ್ಯಾಹ್ನ ಅವರ ಜಗುಲಿಯಲ್ಲಿ ಕೂರುತ್ತಿದ್ದಳು. ಅವಳು ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ, ಇಬ್ಬರೂ ಹಸಿ ಬಟಾಣಿ ಸುಲಿಯುತ್ತ. ಅಮ್ಮ ಗಟ್ಟಿಯಾಗಿ ಮಾತಾಡಿದರೆ ಅವರಿಗೆ ಅರ್ಥವಾದೀತು ಎಂದುಕೊಂಡಿದ್ದಳು. ಅವಳ ದನಿ ಪಕ್ಕದ ರಾಯಭಾರಿಯ ಮನೆಗೂ ಕೇಳಿಸುತ್ತದಲ್ಲ ಎಂದು ನಾನು ಒಳಗೆ ಕುಗ್ಗುತ್ತಿದ್ದೆ.

“ಪಾಪ, ಹೆಂಡ್ತಿ ಬಿಟ್ಟು ಊರಿಗೆ ಹೊರಟುಹೋದ್ಲಂತೆ ಕಣೋ. ಈ ಊರು ಹಿಡಿಸ್ಲಿಲ್ವಂತೆ ಅವಳಿಗೆ. ಮಕ್ಕಳೂ ಇಲ್ಲ” ಎಂದಳು ಒಂದು ಸಂಜೆ.

“ನಿಂಗೆ ಹೇಗೆ ಗೊತ್ತಾಯ್ತಮ್ಮ?”

“ಅವ್ರೇ ಹೇಳಿದ್ರು.”

ಅದು ನಿಜವೇ ಆಗಿತ್ತು.

ಅವರ ಮನೆತನದ ವಿಷಯ ನನಗೆ ತಿಳಿದದ್ದು ಕಚೇರಿಯ ಇಂಗ್ಲಿಷ್ ಸಹೋದ್ಯೋಗಿಯೊಬ್ಬಳಿಂದ. ನಮ್ಮ ಓನರ್ ಹೆಸರು ಕೇಳಿ ಅವಳು ಹುಬ್ಬೇರಿಸಿದಳು. ತಲೆತಲಾಂತರದ ಬಿರುದು, ಅವರದೇ ಹೆಸರಿನ ಹಳ್ಳಿ, ಅವರದೇ ಕುಟುಂಬದ ಬ್ಯಾಂಕು. ಆ ಸಂಜೆ ಮನೆಗೆ ಬಂದಾಗ ನನ್ನ ನಡೆಯೇ ಬದಲಾಗಿತ್ತು ಎಂದು ಹೆಂಡತಿ ಈಗಲೂ ಹಂಗಿಸುತ್ತಾಳೆ. “ರೀ, ಗೇಟಿನ ಹತ್ರ ಶೂ ಒರೆಸ್ಕೊಂಡು ಬಂದ್ರಿ ನೀವು ಅವತ್ತು. ಗೇಟಿನ ಹತ್ರ!” ಅಷ್ಟು ಮಾಡಿರಲಾರೆ. ಮಾಡಿಲ್ಲ ಎಂದು ಆಣೆಯಿಟ್ಟೂ ಹೇಳಲಾರೆ.

ಒಮ್ಮೆ ಅವರು ನನ್ನನ್ನು ತಮ್ಮ ಕ್ಲಬ್ಬಿಗೆ ಊಟಕ್ಕೆ ಕರೆದೊಯ್ದರು. ಎತ್ತರದ ಸೂರು, ಬಿಳಿ ಕೈಗವಸು ತೊಟ್ಟ ಮಾಣಿಗಳು. ನಾನು ಇಂಥ ಜಾಗಗಳ ಬಗ್ಗೆ ಟೀಕೆ ಬರೆದವನು. ಮಾಣಿ ಕುರ್ಚಿ ಎಳೆದು ಕೊಟ್ಟಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಅದು ನನಗೆ ಇಷ್ಟವಾಯಿತು.

ಅಲ್ಲಿ ಅವರು ತಮ್ಮ ಕತೆ ಹೇಳಿದರು. ಮೂವರು ಗಂಡುಮಕ್ಕಳಲ್ಲಿ ನಡುವಿನವರು. ಹಿರಿಯವನಿಗೆ ಮನೆ, ಜಮೀನು, ಬಿರುದು. ನಡುವಿನವನು ಬ್ಯಾಂಕಿಗೆ, ಕಿರಿಯವನು ಸೈನ್ಯಕ್ಕೆ. ತೊಟ್ಟಿಲಲ್ಲಿದ್ದಾಗಲೇ ಹಾಗೆ ಹಂಚಿಕೆಯಾಗಿತ್ತು. ಏಳನೇ ವಯಸ್ಸಿಗೆ ಹಾಸ್ಟೆಲ್ ಶಾಲೆ. ಅಲ್ಲಿ ದಿನವೂ ಒಂದು ಲೋಟ ಬಿಸಿ ಹಾಲು, ಮೇಲೆ ದಪ್ಪ ಕೆನೆ. ಕೆನೆಯ ಸಮೇತ ಕುಡಿದು ಮುಗಿಸುವವರೆಗೆ ಮೇಜಿನಿಂದ ಏಳುವಂತಿರಲಿಲ್ಲ. ಅಲ್ಲಿಂದ ಬಿಟ್ಟ ಮೇಲೆ ಒಂದು ತೊಟ್ಟು ಹಾಲನ್ನೂ ಬಾಯಿಗೆ ಹಾಕಿಲ್ಲ, ಮನೆಗೂ ತರಿಸುವುದಿಲ್ಲ ಎಂದರು. ಅವರ ಚಹಾ ಯಾವಾಗಲೂ ಕಪ್ಪು.

ಬ್ರಿಟಿಷರ ಆಳ್ವಿಕೆ ಇನ್ನೂ ಇದ್ದಾಗ ಕುಟುಂಬದ ಬ್ಯಾಂಕು ಅವರನ್ನು ನೈರೋಬಿಗೆ ಕಳಿಸಿತು. ಬಾವುಟ ಬದಲಾಯಿತು. ಜೊತೆಯವರು ಗಂಟುಮೂಟೆ ಕಟ್ಟಿದರು. ಅವರು ಉಳಿದರು. ಇಂಗ್ಲೆಂಡಿನ ಆ ಅರಮನೆಯಂಥ ಮನೆಯಲ್ಲಿ ತಾವು ಒಮ್ಮೆಯೂ ಕಾಲಿಡದ ಕೋಣೆಗಳಿದ್ದವು, ಇಲ್ಲಿಯ ಮನೆಯಲ್ಲಿ ತಾವು ಬಣ್ಣ ಬಳಿಯದ ಗೋಡೆಯಿಲ್ಲ ಎಂದರು. ಕಡೆಗೆ ಅಣ್ಣ ಬ್ಯಾಂಕನ್ನೇ ಮಾರಿದಾಗ ಇವರಿಗೆ ಅದು ಪತ್ರಿಕೆ ಓದಿ ತಿಳಿಯಿತಂತೆ.

“ಕೆಲಸ ಹೇಗಿತ್ತು?” ಎಂದು ಕೇಳಿದೆ.

“ಮರ್ಯಾದೆಯಿಂದ ಇಲ್ಲ ಎನ್ನುವುದು. ಅದೊಂದೇ ವಿದ್ಯೆ.” ಸ್ವಲ್ಪ ಹೊತ್ತು ಮೇಜುಬಟ್ಟೆಯನ್ನು ನೇವರಿಸಿದರು. “ನಿಮ್ಮ ದೇಶದವರು ಬೆಳಿಗ್ಗೆ ನನ್ನ ಬ್ಯಾಂಕಿಗೆ ಬರುತ್ತಿದ್ದರು. ಕೈಕುಲುಕುತ್ತಿದ್ದೆ. ಮಧ್ಯಾಹ್ನ ನಾನು ಊಟ ಮಾಡುವ ಕಡೆ ಅವರಿಗೆ ಪ್ರವೇಶ ಇರಲಿಲ್ಲ. ಎಷ್ಟೋ ವರ್ಷ. ಅದು ತಪ್ಪು ಎಂದು ಗೊತ್ತಿದ್ದೂ ಸುಮ್ಮನಿದ್ದೆ ಎಂದಾದರೆ ಹೇಡಿ ಎನ್ನಬಹುದು. ನನಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ.”

ನಾನು ಏನೋ ಸಮಾಧಾನದ ಮಾತು ಹೇಳಿದೆ. ಅವರಿಗೆ ಸಮಾಧಾನ ಬೇಕಿರಲಿಲ್ಲ.

ಮರುವರ್ಷ ಅವರ ಅಣ್ಣ ತೀರಿಕೊಂಡ ಸುದ್ದಿ ಬಂತು. ಅಣ್ಣನಿಗೆ ಮಕ್ಕಳಿರಲಿಲ್ಲ. ಹಾಗಾಗಿ ಬಿರುದು ಇವರಿಗೆ ಬಂದಿತ್ತು. ಅದನ್ನು ಇವರು ನಮಗೆ ಹೇಳಲೇ ಇಲ್ಲ. ಮನೆಗೆ ಬೀಗ ಹಾಕಿ ಇಂಗ್ಲೆಂಡಿಗೆ ಹೊರಟರು. ಅಡುಗೆಯವನು ಅದಕ್ಕೆ ಮೊದಲೇ ವಯಸ್ಸಾಯಿತೆಂದು ಊರು ಸೇರಿದ್ದ. ಗೇಟಿನ ಕಾವಲಿಗೆ ಅಸ್ಕಾರಿಯೊಬ್ಬನಿದ್ದ. ಹೊರಡುವಾಗ ಓನರ್ ನನಗೆ ಹೇಳಿದ್ದು ಒಂದೇ ಮಾತು: “ಅಲ್ಲಿಯೇ ಇರು ಎನ್ನುತ್ತಾರೆ. ನಾನು ವಾಪಸ್ಸು ಬರುತ್ತೇನೆ. ಸಾಯುವುದಿದ್ದರೆ ಈ ಮನೆಯಲ್ಲೇ.”

ಮಳೆಗಾಲವೆಲ್ಲ ಆ ಮನೆ ಮುಚ್ಚಿತ್ತು. ಕಿಟಕಿಗಳ ಮೇಲೆ ಬಳ್ಳಿ ಹಬ್ಬಿತು. ಅವರು ವಾಪಸ್ಸು ಬಂದದ್ದು ಒಂದು ಭಾನುವಾರ, ಮುನ್ಸೂಚನೆಯಿಲ್ಲದೆ. ನಾವು ನಮ್ಮ ಕನ್ನಡದವರ ಜೊತೆ ಹೊರಗೆ ಊಟಕ್ಕೆ ಹೋಗಿದ್ದೆವು. ಸಂಜೆ ಬಂದಾಗ ಗೇಟಿನಲ್ಲೇ ಅಸ್ಕಾರಿ ಕೈ ಬೀಸಿ ನಿಲ್ಲಿಸಿದ. ಮ್ಜೇ ಬಂದಿದ್ದಾರೆ, ಮಧ್ಯಾಹ್ನ ಗ್ಯಾಸಿನ ವಾಸನೆ ಬಂತು, ತಾನು ಅಡುಗೆಮನೆಯ ಕಿಟಕಿ ಒಡೆದು ಒಳಗೆ ಹೋಗಿ ಸಿಲಿಂಡರ್ ಮುಚ್ಚಿದೆ ಎಂದ. ಹಿರಿಯರನ್ನು ಇಲ್ಲಿ ಮ್ಜೇ ಎನ್ನುತ್ತಾರೆ. ಒಲೆಯ ಮೇಲೆ ಹಾಲು ಉಕ್ಕಿ ಉರಿಯನ್ನು ನಂದಿಸಿತ್ತು. ಗ್ಯಾಸ್ ಹರಿಯುತ್ತಲೇ ಇತ್ತು. ಮ್ಜೇ ಪಕ್ಕದ ಕೋಣೆಯ ಕುರ್ಚಿಯಲ್ಲಿ ನಿದ್ದೆಹೋಗಿದ್ದರು. ಮೈಮೇಲಿನ ಕೋಟನ್ನೂ ತೆಗೆದಿರಲಿಲ್ಲ.

ನಾನು ಓಡಿದೆ. ಅವರು ಒಡೆದ ಕಿಟಕಿಯ ಪಕ್ಕ ನಿಂತು ಒಲೆ ಒರೆಸುತ್ತಿದ್ದರು. ಪ್ರಯಾಣದ ದಣಿವಿನಲ್ಲಿ ಒಂದು ನಿಮಿಷ ಕೂತೆ, ಕಣ್ಣು ಹತ್ತಿತು ಎಂದರು. ಆಮೇಲೆ ನನ್ನ ಮುಖ ನೋಡಿ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ ನಕ್ಕು, “ಉಕ್ಕಿಟು” ಎಂದರು.

ಮುದುಕರಿಗೆ ಮರೆವು ಶುರುವಾಯಿತು ಎಂದುಕೊಂಡೆ. ಮಲಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳಿ ಬಂದೆ.

ಸುದ್ದಿ ಕ್ಲಬ್ಬಿನ ಮೂಲಕ ಇಂಗ್ಲೆಂಡ್ ಮುಟ್ಟಿತು. ಸ್ವಲ್ಪ ದಿನಕ್ಕೆ ಅವರ ಕಿರಿಯ ತಮ್ಮನ ಮಗ ಬಂದಿಳಿದ. ಆ ತಮ್ಮ ಮೊದಲೇ ತೀರಿಕೊಂಡಿದ್ದ, ಹಾಗಾಗಿ ಇವರ ನಂತರ ಬಿರುದು ಅವನಿಗೇ. ಕೆಟ್ಟವನೇನೂ ಅಲ್ಲ, ನಯವಾದ ಮಾತಿನವನು, ದೊಡ್ಡಪ್ಪನ ಬಗ್ಗೆ ನಿಜವಾದ ಕಾಳಜಿ ಇತ್ತು. ಒಬ್ಬ ಡಾಕ್ಟರನ್ನೂ ಕರೆಸಿದ್ದ. ನಿತ್ಯ ಕಾಣುವವರು ನೀವು, ಬನ್ನಿ ಎಂದು ನನ್ನನ್ನೂ ನನ್ನ ಹೆಂಡತಿಯನ್ನೂ ಆ ಊಟದ ಕೋಣೆಗೆ ಕರೆದ. ದೊಡ್ಡಪ್ಪ ಒಬ್ಬರೇ ಇಲ್ಲಿರಬಹುದೋ, ಇಂಗ್ಲೆಂಡಿಗೆ ಕರೆದೊಯ್ದು ವೃದ್ಧರ ಆರೈಕೆಯ ಮನೆಯೊಂದರಲ್ಲಿ ಇಡಬೇಕೋ ಎಂಬುದು ಪ್ರಶ್ನೆ. ಅದನ್ನು ಅವನು ಮುಚ್ಚಿಡಲಿಲ್ಲ.

ಡಾಕ್ಟರ್ ದಿನ, ವಾರ, ಲೆಕ್ಕ ಎಲ್ಲ ಕೇಳಿದರು. ಓನರ್ ಸರಿಯಾಗಿಯೇ ಉತ್ತರಿಸಿದರು. ಕಡೆಗೆ, ನೀವು ಹಾಲನ್ನೇ ಮುಟ್ಟುವುದಿಲ್ಲವಂತೆ, ಮತ್ತೆ ಅವತ್ತು ಒಲೆಯ ಮೇಲೆ ಹಾಲು ಯಾಕೆ ಇತ್ತು ಎಂದು ಕೇಳಿದರು.

“ಉಕ್ಕಿಸಲು” ಎಂದರು ಓನರ್. “ಅದೊಂದು ಪದ್ಧತಿ. ಇವರ ತಾಯಿ ನನಗೆ ಹೇಳಿಕೊಟ್ಟದ್ದು. ಇವರನ್ನೇ ಕೇಳಿ. ಆಮೇಲೆ ನಿದ್ದೆ ಬಂದದ್ದು ನನ್ನ ತಪ್ಪು. ಹಾಲು ಇಟ್ಟದ್ದು ತಪ್ಪಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. ಡಾಕ್ಟರ್, ಆ ನಯದ ಯುವಕ, ಗೋಡೆಯ ಮೇಲಿನ ಅವರ ಪೂರ್ವಿಕರ ಚಿತ್ರಗಳೂ ತಿರುಗಿದಂತೆ ನನಗೆ ನೆನಪು. ಆ ಚಿತ್ರಗಳು ಅಲ್ಲಿ ಇರಲೇ ಇಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಇಬ್ಬರು ಓದಿದ ಬಿಳಿಯರ ಮುಂದೆ, ಹೌದು, ನಾವು ಬೇಕೆಂದೇ ಹಾಲನ್ನು ಒಲೆಯ ಮೇಲೆ ಚೆಲ್ಲುತ್ತೇವೆ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡೆ. ಆದರೆ ನಾನು ಅದರ ಒಳಗಿನವನಲ್ಲ, ಅಧ್ಯಯನ ಮಾಡಿದವನು ಎಂದು ತೋರುವ ದನಿಯಲ್ಲಿ.

“ಅಂಥ ಪದ್ಧತಿ ನಮ್ಮಲ್ಲಿ ಇದೆ” ಎಂದೆ. “ಆದರೆ ಅದು ಹೊಸ ಮನೆಗೆ ಹೋಗುವಾಗ ಮಾತ್ರ, ವಾಸವಿದ್ದ ಮನೆಯಲ್ಲಿ ಯಾರೂ ಮಾಡುವುದಿಲ್ಲ.” ಇವೆರಡು ಹೇಳಿದ್ದು ಖಂಡಿತ. “ಇವರಿಗೆ ಎಲ್ಲೋ ಸ್ವಲ್ಪ ಗೊಂದಲವಾಗಿರಬೇಕು.” ಇದು ಆ ಮೂರನೆಯದು. ಹೇಳಿದಿರಿ ಎನ್ನುತ್ತಾಳೆ ಹೆಂಡತಿ. ಹೇಳದಿದ್ದರೂ ಆ ಕೋಣೆಯಲ್ಲಿ ಅದು ಎಲ್ಲರಿಗೂ ಕೇಳಿಸಿತ್ತು.

ಓನರ್ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. ಏನನ್ನೋ ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿದ್ದರು. ಆಮೇಲೆ ಡಾಕ್ಟರ ಕಡೆ ತಿರುಗಿ, “ಹಾಗಾದರೆ ನಾನೇ ತಪ್ಪು ತಿಳಿದಿರಬೇಕು. ಅವರಿಗೆ ಗೊತ್ತಿರುತ್ತದೆ, ಅವರ ಪದ್ಧತಿ” ಎಂದರು. ಮುಂದೆ ಯಾವುದಕ್ಕೂ ವಾದಿಸಲಿಲ್ಲ.

ಅಂಗಳ ದಾಟಿ ನಮ್ಮ ಮನೆಗೆ ಬರುವಾಗ ಹೆಂಡತಿ, “ಯಾಕ್ರೀ ಹಾಗಂದ್ರಿ?” ಎಂದಳು.

“ಇದ್ದದ್ದು ಹೇಳ್ದೆ.”

“ಇದ್ದದ್ದನ್ನ ಯಾರು ಕೇಳಿದ್ರು ನಿಮ್ಮನ್ನ? ಅವರು ಕೇಳಿದ್ದು ಸಪೋರ್ಟ್.”

“ಗ್ಯಾಸ್ ಆನ್ ಇಟ್ಟು ನಿದ್ದೆ ಮಾಡಿದ್ರು ಕಣೇ. ನಾಳೆ ಮನೆಗೆ ಬೆಂಕಿ ಬಿದ್ರೆ?”

“ಅದನ್ನ ಹೇಳ್ಬೇಕಿತ್ತು. ಅದು ಬೇರೆ, ಇದು ಬೇರೆ. ಪಕ್ಕದಲ್ಲೇ ಇದೀವಿ, ನಾವು ನೋಡ್ಕೋತೀವಿ ಅಂತ ಒಂದು ಮಾತು ಬರ್ಲಿಲ್ಲ ನಿಮ್ಮ ಬಾಯಲ್ಲಿ.”

ಹೊರಡುವ ದಿನ ಓನರ್ ಕೈಕುಲುಕಿದರು. ಗುಲಾಬಿಗಳಿಗೆ ನೀರು ಹಾಕಿಸಿ ಎಂದರು. “ಉಕ್ಕಿಟಾ?” ಎಂದು ಕೇಳಬಹುದು ಎಂದು ಕಾದೆ. ಕೇಳಲಿಲ್ಲ.

ಮುಂದಿನ ಚಳಿಗಾಲದಲ್ಲಿ, ಅಂದರೆ ಅಲ್ಲಿಯ ಚಳಿಗಾಲದಲ್ಲಿ, ಅವರು ತೀರಿಕೊಂಡರು ಎಂದು ತಮ್ಮನ ಮಗ ಮೇಲ್ ಬರೆದ. ಕುಟುಂಬದ ಚರ್ಚಿನಲ್ಲಿ ಮಣ್ಣಾಯಿತು ಎಂದೂ ಬರೆದಿದ್ದ. ಅಮ್ಮನಿಗೆ ಫೋನಿನಲ್ಲಿ ತಿಳಿಸಿದೆ. ಹಾಲಿನ ಕತೆಯನ್ನೂ ಹೇಳಿದೆ, ನನ್ನ ಮಾತನ್ನು ಬಿಟ್ಟು.

“ಸರಿಯಾಗೇ ಮಾಡಿದಾರಲ್ಲೋ ಆ ಯಜಮಾನ್ರು” ಎಂದಳು.

“ಏನು ಸರಿ? ಅದೇನು ಹೊಸ ಮನೆಯೇ?”

“ತಿಂಗಳುಗಟ್ಲೆ ಬೀಗ ಹಾಕಿದ್ದ ಮನೆ ತೆಗೆದು ಒಳಗೆ ಹೋಗುವಾಗ್ಲೂ ಉಕ್ಕಿಸ್ಬೇಕು. ನಮ್ಮನೇಲಿ ಹಾಗೇ ಮಾಡೋದು. ಅವತ್ತೇ ಹೇಳಿದ್ನಲ್ಲ ಅವರಿಗೆ.”

“ನೀನು ಕನ್ನಡದಲ್ಲಿ ಹೇಳಿದ್ದು ಅವರಿಗೆ ಹೇಗಮ್ಮ ಗೊತ್ತಾಗುತ್ತೆ?”

“ನೀನೇ ಕಣೋ ಇಂಗ್ಲಿಷಲ್ಲಿ ಹೇಳಿದ್ದು! ಪಕ್ಕದಲ್ಲೇ ನಿಂತಿದ್ಯಲ್ಲ.”

ನನಗೆ ಅದರ ನೆನಪು ಒಂದಿಷ್ಟೂ ಇಲ್ಲ. ನನ್ನ ನಾಲಿಗೆಯ ಮೇಲೆಯೇ ದಾಟಿಹೋದ ಮಾತು, ಮನಸ್ಸು ಮಾತ್ರ ಆಗ ಎಲ್ಲೋ ಇತ್ತು. ಅವರು ಕೇಳಿಸಿಕೊಂಡು ಇಟ್ಟುಕೊಂಡರು. ನಾನು ಹೇಳಿ ಮರೆತೆ. ಆಮೇಲೆ ಅವರಿಗೇ ಗೊಂದಲ ಎಂದೆ... ಇಲ್ಲ, ಇಷ್ಟು ಸಲೀಸಾಗಿ ಒಪ್ಪಲೂ ಮನಸ್ಸು ಬಿಡುವುದಿಲ್ಲ. ಅಮ್ಮನ ನೆನಪೂ ನೆನಪೇ. ಸತ್ತವರ ಮೇಲಿನ ಕನಿಕರಕ್ಕೆ ಅವಳು ಆ ಮಾತನ್ನು ಈಗ ಹೊಂದಿಸಿಕೊಂಡಿರಬಹುದು. ದಣಿದ ಮುದುಕರು ಏನೋ ಹಾಲು ಕಾಯಿಸಲು ಇಟ್ಟು ಮರೆತು, ಆಮೇಲೆ ಮಾನ ಉಳಿಸಿಕೊಳ್ಳಲು ಪದ್ಧತಿಯ ಹೆಸರು ಹೇಳಿರಬಹುದು. ನಾನು ಹೇಳಿದ್ದೇ ಸರಿ ಇರಬಹುದು. ಕೆಲವು ವರ್ಷ ಈ “ಇರಬಹುದು”ಗಳ ಆಸರೆಯಲ್ಲೇ ಕಳೆದೆ.

ಮುಥೈಗಾದ ಆ ಮನೆ ಈಗಿಲ್ಲ. ಗುಲಾಬಿಗಳಿದ್ದ ಕಡೆ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತವೆ. ಕಳೆದ ತಿಂಗಳು ಮನೆ ಬದಲಿಸುವಾಗ ನಮ್ಮ ಚಿಲ್ಲರೆ ಸಾಮಾನು ಸಾಗಿಸಿದವನು ಹಳೆಯ ಟ್ಯಾಕ್ಸಿಯವನೇ. ಮುಥೈಗಾದಲ್ಲಿದ್ದಾಗ ನಮಗೂ ಓನರಿಗೂ ಅವನೇ ಬರುತ್ತಿದ್ದ. ಒಳಗೆ ಹಾಲು ಉಕ್ಕಿದ ಮೇಲೆ ಅವನಿಗೆ ಚಹಾ ಕೊಡಲು ಹೊರಗೆ ಬಂದೆ. ಸೀದ ವಾಸನೆ ಬಾಗಿಲವರೆಗೂ ಬಂದಿತ್ತು. ಇಷ್ಟು ವರ್ಷ ಕೇಳದಿದ್ದುದನ್ನು ಆಗ ಕೇಳಿದೆ. ಮ್ಜೇಯನ್ನು ಆ ಭಾನುವಾರ ವಿಮಾನ ನಿಲ್ದಾಣದಿಂದ ಕರೆತಂದದ್ದು ನೀನೇನಾ?

ಹೌದು, ತಾನೇ ಎಂದ. ಕಡೆಯ ಸಲ ಅವರನ್ನು ಕಂಡದ್ದು ಅವತ್ತೇ.

ಪ್ರಶ್ನೆಯೊಳಗೆ ಉತ್ತರವನ್ನು ತುರುಕಬಾರದು ಎಂದು ಕಚೇರಿಯ ಹೊಸಬರಿಗೆ ಪಾಠ ಹೇಳುವವನು ನಾನು. ಹಾಲಿನ ಮಾತನ್ನೇ ಎತ್ತಲಿಲ್ಲ. ದಾರಿಯಲ್ಲಿ ಎಲ್ಲಾದರೂ ನಿಲ್ಲಿಸಿದರೇ ಎಂದಷ್ಟೇ ಕೇಳಿದೆ.

ಮನೆಗೆ ಇನ್ನೇನು ಹತ್ತಿರ ಬಂದಾಗ ಅಂಗಡಿಯ ಮುಂದೆ ನಿಲ್ಲಿಸಿದರು ಎಂದ.

“ಏನು ತೆಗೆದುಕೊಂಡರು?”

“ಮಜೀವಾ.”

ಹಾಲು. ಒಂದು ಪ್ಯಾಕೆಟ್, ಅಷ್ಟೇ. ಬ್ರೆಡ್ಡಿಲ್ಲ, ಚಹಾಪುಡಿಯಿಲ್ಲ. ಹಿಂದೆ ಚೀಲದ ಜೊತೆ ಇಡುತ್ತೇನೆ ಎಂದರೂ ಕೊಡದೆ ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಂದರಂತೆ. ಅದಕ್ಕೇ ಅವನಿಗೆ ನೆನಪಿರುವುದು. ಹೋದ ಕೂಡಲೇ ಚಹಾ ಕುಡಿಯುತ್ತೀರಾ ಮ್ಜೇ ಎಂದು ಇವನು ತಮಾಷೆ ಮಾಡಿದ್ದಕ್ಕೆ, ಇದು ನನಗಲ್ಲ, ಮನೆಗೆ ಎಂದರಂತೆ.